ಹಂದಿಗೂ ಕೋವಿಶೀಲ್ಡ್ ಥರದ ಲಸಿಕೆ: ಗೂಡಿನವರೆಗೆ ಬರೋದು ಯಾವಾಗ?

ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಹಂದಿ ಸಾಕುವವರ ಜೊತೆ ಮಾತಿಗೆ ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ. “ಕೊರೊನಾಗೆ ಒಂದೇ ವರ್ಷದಲ್ಲಿ ಲಸಿಕೆ ಮಾಡಿದ್ರಲ್ಲ ಸಾರ್, ಹಂದಿ ಜ್ವರಕ್ಕೆ ಯಾಕೆ ಆಗಲ್ಲ?” ಕೇಳುವ ದನಿಯಲ್ಲಿ ಅನುಮಾನವೂ ಇರುತ್ತದೆ. ಹಂದಿ ತಾನೇ, ಸತ್ತರೆ ಸಾಯಲಿ ಅಂತ ಯಾರೂ ತಲೆ ಕೆಡಿಸಿಕೊಂಡಿಲ್ಲ ಅನ್ನೋ ಅನುಮಾನ.

ಪ್ರಶ್ನೆ ಸರಿಯಾಗೇ ಇದೆ. ನಮ್ಮಲ್ಲಿ ಬಹಳ ಜನ ತೋಳಿಗೆ ಹಾಕಿಸಿಕೊಂಡ ಕೋವಿಶೀಲ್ಡ್ ಯಾವ ತಂತ್ರದಿಂದ ಬಂತೋ, ಅದೇ ತಂತ್ರವನ್ನು ಹಂದಿ ರೋಗಗಳ ಮೇಲೂ ಪ್ರಯೋಗಿಸುತ್ತಿದ್ದಾರೆ. ಅದೂ ಇವತ್ತು ನಿನ್ನೆಯಿಂದ ಅಲ್ಲ, ಮೂರು ದಶಕ ದಾಟಿತು. ಹಾಗಾದರೆ ಒಂದು ಕಡೆ ಗೆದ್ದ ತಂತ್ರ ಇನ್ನೊಂದು ಕಡೆ ಯಾಕೆ ಒದ್ದಾಡುತ್ತಿದೆ? ಕಾರಣ ಸ್ವಲ್ಪ ವೈರಸ್‌ನಲ್ಲಿದೆ, ಸ್ವಲ್ಪ ಮಾರುಕಟ್ಟೆಯಲ್ಲಿದೆ.

ಮೊದಲು ಯಾವ ಜ್ವರದ ಮಾತು ಆಡ್ತಿದ್ದೇವೆ ಅನ್ನೋದು ಗೊತ್ತಿರಲಿ. 2009ರಲ್ಲಿ ಮನುಷ್ಯರಿಗೆ ಬಂದ ಎಚ್1ಎನ್1 ಬೇರೆ, ಅದನ್ನು ಇಲ್ಲಿ ಬಿಟ್ಟುಬಿಡೋಣ. ಹಂದಿಗಳನ್ನು ಗೂಡುಗೂಡೇ ಖಾಲಿ ಮಾಡುವ ಜ್ವರಗಳು ಎರಡು. ಒಂದು ನಮ್ಮಲ್ಲಿ ಬಹಳ ಕಾಲದಿಂದ ಇರುವ ಕ್ಲಾಸಿಕಲ್ ಹಂದಿ ಜ್ವರ. ಇನ್ನೊಂದು ಆಫ್ರಿಕನ್ ಹಂದಿ ಜ್ವರ. ಎರಡರಲ್ಲೂ ಹಂದಿಗೆ ಜೋರು ಜ್ವರ ಬರುತ್ತದೆ, ತಿನ್ನೋದು ನಿಲ್ಲುತ್ತದೆ. ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಳ್ಳುತ್ತವೆ. ಕಿವಿಯ ತುದಿ, ಹೊಟ್ಟೆಯ ಅಡಿಭಾಗ ಕೆಂಪಾಗಿ ಆಮೇಲೆ ನೀಲಿಗಟ್ಟುತ್ತದೆ. ಎಷ್ಟು ಅನುಭವ ಇದ್ದ ಡಾಕ್ಟ್ರಾದರೂ ಕಣ್ಣಲ್ಲಿ ನೋಡಿ ಇದು ಇಂಥದ್ದೇ ಅಂತ ಹೇಳೋದು ಕಷ್ಟ. ಸ್ಯಾಂಪಲ್ ಲ್ಯಾಬಿಗೆ ಹೋಗಲೇಬೇಕು. ಎರಡೂ ಮನುಷ್ಯರಿಗೆ ಅಂಟುವುದಿಲ್ಲ.

ಹೊರಗೆ ಒಂದೇ ಥರ ಕಂಡರೂ ಒಳಗೆ ಈ ಎರಡು ವೈರಸ್‌ಗಳಿಗೆ ಸಂಬಂಧವೇ ಇಲ್ಲ. ಕ್ಲಾಸಿಕಲ್ ಜ್ವರದ್ದು ಪುಟ್ಟ ಆರ್‌ಎನ್‌ಎ ವೈರಸ್. ಅದರ ಜೀನೋಮ್, ಅಂದರೆ ವೈರಸ್‌ನ ಎಲ್ಲ ಜೀನ್‌ಗಳ ಬರಹ, ಪೂರ್ತಿ ಬರೆದರೂ ಸುಮಾರು 12 ಸಾವಿರ ಅಕ್ಷರ. ಕೊರೊನಾದ್ದು ಸುಮಾರು 30 ಸಾವಿರ. ಆಫ್ರಿಕನ್ ಜ್ವರದ್ದು ದೈತ್ಯ ಡಿಎನ್‌ಎ ವೈರಸ್, 1.7 ಲಕ್ಷದಿಂದ 1.9 ಲಕ್ಷ ಅಕ್ಷರ. 150ಕ್ಕೂ ಹೆಚ್ಚು ಪ್ರೋಟೀನ್ ಮಾಡುತ್ತದೆ. ಅದರ ಕುಟುಂಬದಲ್ಲಿ ಅದೊಂದೇ ಇದೆ, ಅಣ್ಣತಮ್ಮ ಅಂತ ಯಾರೂ ಇಲ್ಲ. ಮುಂದಿನ ಕಥೆಯೆಲ್ಲ ಈ ವ್ಯತ್ಯಾಸದ ಸುತ್ತಲೇ ತಿರುಗುತ್ತದೆ.

ಈಗ ತಂತ್ರಕ್ಕೆ ಬರೋಣ. ಕೋವಿಶೀಲ್ಡ್‌ನಲ್ಲಿ ಇದ್ದದ್ದು ಚಿಂಪಾಂಜಿಗೆ ನೆಗಡಿ ತರುವ ಜಾತಿಯ ಅಡೆನೊವೈರಸ್. ಅದರಿಂದ ಇ1 ಅನ್ನೋ ಭಾಗವನ್ನು ಕತ್ತರಿಸಿ ತೆಗೆದಿದ್ದರು. ಆ ಭಾಗ ಇಲ್ಲದಿದ್ದರೆ ವೈರಸ್ ಜೀವಕೋಶದ ಒಳಗೆ ಹೋಗುತ್ತದೆ, ಆದರೆ ಮರಿ ಹಾಕೋಕೆ ಆಗಲ್ಲ. ಫ್ಯಾಕ್ಟರಿಯಲ್ಲಿ ಮಾತ್ರ ಇ1 ಒದಗಿಸುವ ವಿಶೇಷ ಕೋಶಗಳಲ್ಲಿ ಬೆಳೆಸುತ್ತಾರೆ. ಖಾಲಿಯಾದ ಜಾಗದಲ್ಲಿ ಕೊರೊನಾದ ಸ್ಪೈಕ್ ಪ್ರೋಟೀನಿನ ಜೀನ್ ಕೂರಿಸಿದ್ದರು. ಗುರುತಿನ ಪಿಕಪ್‌ನಲ್ಲಿ ಬೇರೆಯವರ ಲೋಡು ಹಾಕಿ ಕಳಿಸಿದ ಹಾಗೆ. ಒಳಗೆ ಹೋದ ಮೇಲೆ ನಮ್ಮದೇ ಕೋಶ ಆ ಪ್ರೋಟೀನನ್ನು ತಯಾರಿಸುತ್ತದೆ, ದೇಹ ಅದನ್ನು ನೋಡಿ ಶತ್ರುವನ್ನು ಗುರುತಿಡುತ್ತದೆ. ಇದನ್ನೇ ವೈರಲ್ ವೆಕ್ಟರ್ ಲಸಿಕೆ ಅನ್ನುತ್ತಾರೆ.

ಇದರಲ್ಲಿ ಹಂದಿಗಳದ್ದೂ ಒಂದು ಪಾಲಿದೆ. 2020ರಲ್ಲಿ ಇಂಗ್ಲೆಂಡಿನ ಪರ್‌ಬ್ರೈಟ್ ಸಂಸ್ಥೆಯಲ್ಲಿ ಆಕ್ಸ್‌ಫರ್ಡಿನ ಇದೇ ಕೊರೊನಾ ಲಸಿಕೆಯನ್ನು ಹಂದಿಗಳಿಗೆ ಕೊಟ್ಟು ನೋಡಿದರು. ಒಂದು ಡೋಸಿಗಿಂತ ಎರಡು ಡೋಸ್ ಕೊಟ್ಟಾಗ ಆ್ಯಂಟಿಬಾಡಿ ಚೆನ್ನಾಗಿ ಏರಿತು. ಎರಡನೇ ಡೋಸಿಗೆ ನಾವು ಸರದಿಯಲ್ಲಿ ನಿಂತದ್ದರ ಹಿಂದೆ ಈ ಹಂದಿಗಳ ಸಾಕ್ಷಿಯೂ ಸ್ವಲ್ಪ ಇತ್ತು ಅನ್ನಬಹುದು.

ಕ್ಲಾಸಿಕಲ್ ಜ್ವರದ ವಿಷಯದಲ್ಲಿ ವೆಕ್ಟರ್ ತಂತ್ರ ಮೊದಲೇ ಕೈ ಹಿಡಿದಿತ್ತು. ಆ ವೈರಸ್‌ನ ಮೈಮೇಲೆ ಇರುವ ಇ2 ಅನ್ನೋ ಒಂದೇ ಪ್ರೋಟೀನ್ ಸಾಕು, ಅದನ್ನು ತೋರಿಸಿದರೆ ಹಂದಿಯ ದೇಹ ಕಲಿತುಕೊಳ್ಳುತ್ತದೆ. 1991ರಲ್ಲೇ ಯುರೋಪಿನ ವಿಜ್ಞಾನಿಗಳು ಸೂಡೊರೇಬೀಸ್ ಅನ್ನೋ ಇನ್ನೊಂದು ಹಂದಿ ರೋಗದ ವೈರಸ್ಸನ್ನು ದುರ್ಬಲ ಮಾಡಿ, ಅದರೊಳಗೆ ಈ ಪ್ರೋಟೀನಿನ ಜೀನ್ ಇಟ್ಟು, ಒಂದೇ ಲಸಿಕೆಯಲ್ಲಿ ಎರಡೂ ರೋಗಕ್ಕೆ ರಕ್ಷಣೆ ತೋರಿಸಿದ್ದರು. ಅದಾದ ಹತ್ತು ವರ್ಷದ ಹೊತ್ತಿಗೆ ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ ಹಂದಿಯದೇ ಅಡೆನೊವೈರಸ್ ಬಳಸಿ ಒಂದೇ ಡೋಸಿನಲ್ಲಿ ಹಂದಿಗಳನ್ನು ಉಳಿಸಿದರು. 2015ರಲ್ಲಿ ಯುರೋಪಿನಲ್ಲಿ ಹಸುವಿನ ಒಂದು ವೈರಸ್‌ಗೆ ಈ ಇ2 ಜೋಡಿಸಿದ ಲಸಿಕೆಗೆ ಅನುಮತಿಯೂ ಸಿಕ್ಕಿತು. ಹಂದಿ ಅಂತ ಯಾರೂ ತಲೆ ಕೆಡಿಸಿಕೊಂಡಿಲ್ಲ ಅನ್ನೋ ಮಾತು ಇಲ್ಲಿ ನಿಲ್ಲುವುದಿಲ್ಲ.

ಈ ಯುರೋಪಿನ ಲಸಿಕೆಯಲ್ಲಿ ಒಂದು ಉಪಾಯ ಇದೆ. ನನ್ನ ಮಟ್ಟಿಗೆ ವೆಕ್ಟರ್ ಲಸಿಕೆಗಳ ದೊಡ್ಡ ಲಾಭ ಇದೇ. ಸಾಮಾನ್ಯ ಜೀವಂತ ಲಸಿಕೆ, ಅಂದರೆ ರೋಗದ ವೈರಸ್ಸನ್ನೇ ದುರ್ಬಲ ಮಾಡಿದ್ದು, ಹಾಕಿದ ಹಂದಿಯ ರಕ್ತ ಪರೀಕ್ಷೆ ಮಾಡಿದರೆ, ಆ್ಯಂಟಿಬಾಡಿ ಲಸಿಕೆಯಿಂದ ಬಂತೋ ರೋಗದಿಂದ ಬಂತೋ ಗೊತ್ತಾಗಲ್ಲ. ಸಂತೆಯಿಂದ ಮರಿ ತಂದವನಿಗೆ ಇದು ತಲೆನೋವು. ಆರೋಗ್ಯವಾಗಿ ಕಾಣುವ ಮರಿ ಬರೀ ಲಸಿಕೆ ಆದದ್ದೋ, ರೋಗ ತಗುಲಿ ಇನ್ನೂ ವೈರಸ್ ಸೂಸುತ್ತಿದೆಯೋ, ಹೇಗೆ ಹೇಳ್ತೀರಿ? ಲಸಿಕೆಯಲ್ಲಿ ವೈರಸ್‌ನ ಒಂದು ಪ್ರೋಟೀನ್ ಮಾತ್ರ ಇದ್ದರೆ, ಪರೀಕ್ಷೆಯಲ್ಲಿ ಇನ್ನೊಂದು ಪ್ರೋಟೀನಿಗೆ ಆ್ಯಂಟಿಬಾಡಿ ಇದೆಯಾ ಅಂತ ನೋಡಿದರೆ ಸಾಕು. ಇದ್ದರೆ ರೋಗ ತಗುಲಿದೆ, ಇಲ್ಲದಿದ್ದರೆ ಬರೀ ಲಸಿಕೆ. ಸೂಡೊರೇಬೀಸ್ ವಿಷಯದಲ್ಲಿ ಇದೇ ಉಪಾಯ ಬಳಸಿದರು. ಲಸಿಕೆಯ ವೈರಸ್‌ನಿಂದ ಜಿಇ ಅನ್ನೋ ಪ್ರೋಟೀನ್ ತೆಗೆದರು, ಪರೀಕ್ಷೆಯಲ್ಲಿ ಜಿಇ ಕಂಡ ಹಂದಿಗಳನ್ನು ಬೇರೆ ಮಾಡುತ್ತಾ ಹೋದರು. ಅಮೆರಿಕದ ವಾಣಿಜ್ಯ ಫಾರಂಗಳಿಂದ 2004ರ ಹೊತ್ತಿಗೆ ಆ ರೋಗವೇ ಹೋಯಿತು. ಲಸಿಕೆ ಎಷ್ಟು ಮುಖ್ಯವೋ ಅದರ ಜೊತೆ ಬರುವ ಈ ಪರೀಕ್ಷೆಯೂ ಅಷ್ಟೇ ಮುಖ್ಯ. ನಮ್ಮಲ್ಲಿ ಚರ್ಚೆ ಆಗುವಾಗ ಈ ಭಾಗ ಮರೆತೇ ಹೋಗುತ್ತದೆ.

ಆಫ್ರಿಕನ್ ಜ್ವರದಲ್ಲಿ ಇದೆಲ್ಲ ಎಡವುತ್ತದೆ.

ಈ ರೋಗವನ್ನು ಕೀನ್ಯಾದಲ್ಲಿ ಗುರುತಿಸಿ ದಾಖಲಿಸಿದ್ದು 1921ರಲ್ಲಿ. 2007ರಲ್ಲಿ ಜಾರ್ಜಿಯಾಕ್ಕೆ ಬಂತು. 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ. 2022ರ ಜುಲೈನಲ್ಲಿ ಪಕ್ಕದ ವಯನಾಡಿನ ಫಾರಂಗಳಿಗೆ ಬಂತು. 2023ರ ಶುರುವಿನಲ್ಲಿ ಮುದುಮಲೈ ಕಾಡಿನ ಕಾಡುಹಂದಿಗಳು ಇದರಿಂದಲೇ ಸತ್ತವು. 2025ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಕಾಣಿಸಿಕೊಂಡಿತು. ಹಾಸನ, ಚಿಕ್ಕಮಗಳೂರಿನವರು ದೂರದ ಸುದ್ದಿ ಅಂದುಕೊಳ್ಳುವ ಕಾಲ ಮುಗಿದಿದೆ.

ನೂರು ವರ್ಷದಿಂದ ಗೊತ್ತಿರುವ ರೋಗಕ್ಕೆ ಲಸಿಕೆ ಯಾಕೆ ಕಷ್ಟ? ಈ ವೈರಸ್ ಹೋಗಿ ಕೂರೋದು ಮ್ಯಾಕ್ರೋಫೇಜ್ ಅನ್ನೋ ಕೋಶಗಳಲ್ಲಿ. ಅಂದರೆ ದೇಹಕ್ಕೆ ಬಂದ ರೋಗಾಣುವನ್ನು ನುಂಗಿ ಹಾಕಬೇಕಾದ ಕಾವಲಿನ ಕೋಶಗಳಲ್ಲೇ. ಮಾಮೂಲಿ ವೈರಸ್‌ಗೆ ಆ್ಯಂಟಿಬಾಡಿ ಹೋಗಿ ಅಂಟಿಕೊಂಡರೆ ಅದು ಕೋಶದ ಒಳಗೆ ಹೋಗಲಾಗದೆ ನಿಂತುಹೋಗುತ್ತದೆ. ಇದಕ್ಕೆ ಹಾಗೆ ಆಗಲ್ಲ. ವೈರಸ್‌ಗೆ ಎರಡು ಪದರದ ಹೊದಿಕೆ ಇದೆ. ಒಳಗಿನ ಪದರ ಮಾತ್ರ ಇರುವ ರೂಪದಲ್ಲೂ ಅದು ಸೋಂಕು ತರಬಲ್ಲದು, ಹೊರಗಿನ ಪದರವೂ ಇರುವ ರೂಪದಲ್ಲೂ ತರಬಲ್ಲದು. ಯಾವ ಪ್ರೋಟೀನಿಗೆ ಗುರಿ ಇಡೋದು?

ಹಾಗಾಗಿ ಆ್ಯಂಟಿಬಾಡಿಗಿಂತ ಜಾಸ್ತಿ ಬೇಕಾಗೋದು ಸೋಂಕು ತಗುಲಿದ ಕೋಶವನ್ನೇ ಹುಡುಕಿ ಕೊಲ್ಲುವ ಟಿ-ಕೋಶಗಳು. 2005ರಲ್ಲಿ ಒಂದು ಪ್ರಯೋಗ ಇದನ್ನು ತೋರಿಸಿಕೊಟ್ಟಿತು. ದುರ್ಬಲ ವೈರಸ್ ಕೊಟ್ಟು ರಕ್ಷಣೆ ಪಡೆದ ಹಂದಿಗಳಿಂದ ಸಿಡಿ8 ಅನ್ನೋ ಜಾತಿಯ ಟಿ-ಕೋಶಗಳನ್ನು ತೆಗೆದುಹಾಕಿದಾಗ ಆ ರಕ್ಷಣೆ ಹೋಗಿಬಿಟ್ಟಿತು. ವೆಕ್ಟರ್ ಲಸಿಕೆಯ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಇದಕ್ಕೇ. ಪ್ರೋಟೀನನ್ನು ಕೋಶದ ಒಳಗೇ ತಯಾರು ಮಾಡಿಸುವುದರಿಂದ ಅದು ಟಿ-ಕೋಶಗಳನ್ನು ಚೆನ್ನಾಗಿ ಎಬ್ಬಿಸುತ್ತದೆ. ಸತ್ತ ವೈರಸ್‌ನ ಲಸಿಕೆಯಿಂದ ಅದು ಆಗಲ್ಲ.

ಆದರೆ 150ಕ್ಕೂ ಹೆಚ್ಚು ಪ್ರೋಟೀನಿನಲ್ಲಿ ಯಾವುದನ್ನು ಆರಿಸೋದು? ಕೊರೊನಾದಲ್ಲಿ ಸ್ಪೈಕ್ ಅಂತ ಮೊದಲೇ ಗೊತ್ತಿತ್ತು. ಕ್ಲಾಸಿಕಲ್ ಜ್ವರದಲ್ಲಿ ಇ2 ಅಂತ ಗೊತ್ತಿತ್ತು. ಇಲ್ಲಿ ಒಂದು ಆರಿಸಿದರೆ ಸಾಲಲ್ಲ, ನಾಲ್ಕು ಆರಿಸಿದರೂ ಸಾಲಲ್ಲ. ಅಡೆನೊವೈರಸ್‌ನಲ್ಲಿ ಹಲವು ಜೀನ್ ಇಟ್ಟು ಕೊಟ್ಟ ಕೆಲವು ಪ್ರಯೋಗಗಳಲ್ಲಿ ರಕ್ತದಲ್ಲಿ ಆ್ಯಂಟಿಬಾಡಿ ಭರ್ಜರಿಯಾಗಿ ಬಂತು, ಟಿ-ಕೋಶವೂ ಎದ್ದವು, ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ನಿಜವಾದ ವೈರಸ್ ಕೊಟ್ಟಾಗ ಹಂದಿಗಳು ಉಳಿಯಲಿಲ್ಲ.

ಆಶೆ ಮೂಡಿಸಿದ್ದು 2020ರ ಪರ್‌ಬ್ರೈಟ್ ಪ್ರಯೋಗ. ವೈರಸ್‌ನ ಎಂಟು ಜೀನ್ ಆರಿಸಿದರು. ಮೊದಲ ಡೋಸ್ ಅಡೆನೊವೈರಸ್‌ನಲ್ಲಿ, ಎರಡನೇ ಡೋಸ್ ಎಂವಿಎ ಅನ್ನೋ ಸಿಡುಬಿನ ಕುಟುಂಬದ ದುರ್ಬಲ ವೈರಸ್‌ನಲ್ಲಿ. ಎರಡಕ್ಕೂ ಬೇರೆ ಬೇರೆ ವೆಕ್ಟರ್ ಯಾಕೆ ಅಂದರೆ, ಮೊದಲ ಡೋಸಿನ ನಂತರ ದೇಹ ವೆಕ್ಟರ್ ಮೇಲೂ ತಿರುಗಿ ಬೀಳುತ್ತದೆ. ಅದನ್ನೇ ಮತ್ತೆ ಕಳಿಸಿದರೆ ಕೆಲಸ ಮಾಡೋ ಮೊದಲೇ ಹೊಡೆದು ಹಾಕುತ್ತದೆ. ಸ್ಪುಟ್ನಿಕ್ ಲಸಿಕೆಯಲ್ಲೂ ಎರಡು ಡೋಸಿಗೆ ಎರಡು ವೆಕ್ಟರ್ ಇದ್ದದ್ದು ಇದೇ ಲೆಕ್ಕಕ್ಕೆ. ಫಲಿತಾಂಶ ಏನಾಯಿತು? ಲಸಿಕೆ ಪಡೆದ ಹಂದಿಗಳೆಲ್ಲ ಬದುಕಿದವು. ವೆಕ್ಟರ್ ಲಸಿಕೆಯೊಂದು ಈ ರೋಗದ ಸಾವನ್ನು ಪೂರ್ತಿ ತಡೆದಿತ್ತು.

ಆದರೂ ಚಪ್ಪಾಳೆ ಹೊಡೆಯೋಕೆ ಅವಸರ ಬೇಡ. ಬದುಕಿದ ಹಂದಿಗಳಲ್ಲೂ ರೋಗದ ಲಕ್ಷಣ ಕಾಣಿಸಿತ್ತು. ಪ್ರಯೋಗದಲ್ಲಿ ಇದ್ದದ್ದು ಬೆರಳೆಣಿಕೆಯ ಹಂದಿಗಳು. ಪರೀಕ್ಷೆಗೆ ಬಳಸಿದ್ದು ಜೀನೋಟೈಪ್ 1 ಅನ್ನೋ ಒಳಜಾತಿಯ ವೈರಸ್, ನಮ್ಮ ಕಡೆ ಹರಡಿರೋದು ಜೀನೋಟೈಪ್ 2. ಹೆಣ್ಣುಹಂದಿ ಗಬ್ಬ ಇದ್ದಾಗ ಕೊಟ್ಟರೆ ಏನಾಗುತ್ತದೆ, ರಕ್ಷಣೆ ಎಷ್ಟು ತಿಂಗಳು ಇರುತ್ತದೆ, ಇವೆಲ್ಲ ಆಮೇಲಿನ ಪ್ರಶ್ನೆ.

ಈ ನಡುವೆ ವಿಯೆಟ್ನಾಂ ಬೇರೆ ದಾರಿ ಹಿಡಿಯಿತು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ವೈರಸ್‌ನಿಂದ ಒಂದು ಜೀನ್ ಅಳಿಸಿ ಮಾಡಿದ ಜೀವಂತ ಲಸಿಕೆಗೆ 2022ರಲ್ಲಿ ಅನುಮತಿ ಕೊಟ್ಟಿತು. ಕೆಲವೇ ತಿಂಗಳಲ್ಲಿ ಲಸಿಕೆ ಹಾಕಿದ ಹಂದಿಗಳು ಸತ್ತ ಸುದ್ದಿ ಬಂದು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2023ರಲ್ಲಿ ಇನ್ನೊಂದು ಜೀವಂತ ಲಸಿಕೆಗೆ ದೇಶದಾದ್ಯಂತ ಅನುಮತಿ ಸಿಕ್ಕಿತು. 2024ರಲ್ಲಿ ಫಿಲಿಪ್ಪೀನ್ಸ್ ಕೂಡ ಅದನ್ನು ಸರ್ಕಾರದ ಕಣ್ಗಾವಲಿನಲ್ಲಿ ಬಳಸಲು ಶುರು ಮಾಡಿತು. ಇವು ಕೆಲಸ ಮಾಡುತ್ತವೆ. ಅಪಾಯವೂ ಇದೆ. ಜೀವಂತ ವೈರಸ್ ಹಂದಿಯಿಂದ ಹಂದಿಗೆ ಹಬ್ಬಬಹುದು, ಹೊರಗೆ ಹರಡಿರುವ ರೋಗದ ವೈರಸ್ ಜೊತೆ ಬೆರೆತು ಹೊಸದೊಂದು ಹುಟ್ಟಬಹುದು. ಏಷ್ಯಾದಲ್ಲಿ ಜೀನೋಟೈಪ್ 1 ಮತ್ತು 2 ಬೆರೆತ ಮಾರಕ ವೈರಸ್ ಈಗಾಗಲೇ ಸಿಕ್ಕಿದೆ. ವೆಕ್ಟರ್ ಲಸಿಕೆಯಲ್ಲಿ ಆ ಭಯ ಇಲ್ಲ, ಅದರಲ್ಲಿ ರೋಗದ ವೈರಸ್ಸೇ ಇರಲ್ಲವಲ್ಲ. ಕೆಲಸ ಮಾಡೋ ಲಸಿಕೆಯಲ್ಲಿ ಭಯ ಇದೆ, ಭಯ ಇಲ್ಲದ ಲಸಿಕೆ ಇನ್ನೂ ಪೂರ್ತಿ ಕೆಲಸ ಮಾಡ್ತಿಲ್ಲ. ಇವತ್ತಿನ ಇಕ್ಕಟ್ಟು ಇದೇ.

ಇನ್ನು ಮಾರುಕಟ್ಟೆಯ ವಿಷಯ. ರೈತರ ಅನುಮಾನದಲ್ಲಿ ನಿಜ ಇರೋದು ಇಲ್ಲಿ. ಕೋಳಿಗಳಿಗೆ ವೆಕ್ಟರ್ ಲಸಿಕೆ ಬಂದು ಎಷ್ಟೋ ವರ್ಷ ಆಯಿತು. ಟರ್ಕಿ ಕೋಳಿಯ ಹರ್ಪಿಸ್ ವೈರಸ್‌ನಲ್ಲಿ ಗಂಬೋರೊ ರೋಗದ ಜೀನ್ ಇಟ್ಟ ಲಸಿಕೆಯನ್ನು ಮರಿ ಮೊಟ್ಟೆಯಲ್ಲಿ ಇರುವಾಗಲೇ ಮಷಿನ್ನಿನಲ್ಲಿ ಕೊಡುತ್ತಾರೆ. ಅಲ್ಲಿ ಕೋಟಿಗಟ್ಟಲೆ ಕೋಳಿ ಇದೆ, ಲಾಭ ಇದೆ, ಕಂಪನಿಗಳು ಬಂದವು. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹಂದಿಗಳು ಸುಮಾರು 90.6 ಲಕ್ಷ. 2012ಕ್ಕಿಂತ ಶೇ. 12ರಷ್ಟು ಕಮ್ಮಿ. ದನಗಳು 19 ಕೋಟಿ ದಾಟಿದ್ದವು. ಅದರಲ್ಲೂ ಹಂದಿ ಜಾಸ್ತಿ ಇರೋದು ಅಸ್ಸಾಂ ಕಡೆ, ಮನೆಗೆ ಎರಡು ಮೂರರಂತೆ. ಇಂಥ ಕಡೆಗೆ ದುಬಾರಿ ಲಸಿಕೆ ಮಾಡೋಕೆ ಖಾಸಗಿಯವರು ಮುಂದೆ ಬರಲ್ಲ. ಸರ್ಕಾರಿ ಸಂಸ್ಥೆಗಳೇ ಮಾಡಬೇಕು.

ಲಸಿಕೆ ತಯಾರಾದ ಮೇಲೂ ಗೂಡಿನಲ್ಲಿ ಹಾಕುವ ಕೆಲಸ ಇದೆ. ಕಾಫಿ ತೋಟದ ಹಿಂದೆ ಸಿಮೆಂಟ್ ನೆಲ, ಶೀಟಿನ ಮಾಡು, ಹದಿನೈದು ಇಪ್ಪತ್ತು ಯಾರ್ಕ್‌ಶೈರ್ ತಳಿಯ ಹಂದಿ ಇರುವ ಗೂಡನ್ನು ನೆನೆಸಿಕೊಳ್ಳಿ. ಮರಿಯಾದರೆ ಹಿಂಗಾಲು ಹಿಡಿದು ಎತ್ತಿದರೆ ಆಯಿತು. ಅರವತ್ತು ಕಿಲೋ ಹಂದಿಗೆ ಮೂತಿಗೆ ಹಗ್ಗದ ಕುಣಿಕೆ ಹಾಕಿ ಎಳೆಯಬೇಕು. ಅದು ಹಿಂದಕ್ಕೆ ಜಗ್ಗುತ್ತಾ ಕಿವಿ ಕಿತ್ತುಹೋಗೋ ಹಾಗೆ ಅರಚುತ್ತದೆ. ಒಬ್ಬ ಕುಣಿಕೆ ಹಿಡಿದರೆ ಇನ್ನೊಬ್ಬ ಕಿವಿಯ ಹಿಂದೆ ಕತ್ತಿಗೆ ಚುಚ್ಚುತ್ತಾನೆ. ಒಂದಕ್ಕೆ ಚುಚ್ಚುವಷ್ಟರಲ್ಲಿ ಉಳಿದವು ಮೂಲೆ ಸೇರಿ ಗೋಡೆ ಹತ್ತೋಕೆ ನೋಡುತ್ತವೆ. ಇದನ್ನು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ, ಬೇರೆ ಬಾಟಲಿಯಿಂದ ಮಾಡಬೇಕು ಅಂದರೆ ಎಷ್ಟು ಜನ ಮಾಡಿಸ್ತಾರೆ? ಎರಡು ವೆಕ್ಟರಿನ ಎರಡು ಡೋಸ್ ಲ್ಯಾಬಿನಲ್ಲಿ ಸೊಗಸು. ಮಳೆಗಾಲದಲ್ಲಿ ಕರೆಂಟು ಮೂರು ದಿನ ಇಲ್ಲದ ಊರಿನಲ್ಲಿ ಐಸ್ ಇಟ್ಟುಕೊಂಡು ತಿರುಗುವ ಪಶುಸಂಗೋಪನಾ ಇಲಾಖೆಯವರಿಗೆ ಒಂದೇ ಡೋಸಿನದು ಬೇಕು.

ಮರಿಗಳದ್ದು ಇನ್ನೊಂದು ಸಮಸ್ಯೆ. ಹಂದಿಯಲ್ಲಿ ಹೊಟ್ಟೆಯೊಳಗೆ ತಾಯಿಯ ಆ್ಯಂಟಿಬಾಡಿ ಮರಿಗೆ ದಾಟುವುದಿಲ್ಲ, ಹುಟ್ಟಿದ ಕೂಡಲೇ ಕುಡಿಯುವ ಗಿಣ್ಣು ಹಾಲಿನಲ್ಲೇ ಎಲ್ಲ ಬರಬೇಕು. ತಾಯಿಗೆ ಲಸಿಕೆ ಆಗಿದ್ದರೆ ಆ ಆ್ಯಂಟಿಬಾಡಿ ಮರಿಯಲ್ಲಿ ಕೆಲವು ವಾರ ಇರುತ್ತದೆ. ಆಗ ಜೀವಂತ ಲಸಿಕೆ ಚುಚ್ಚಿದರೆ ಗಿಣ್ಣಿನ ಆ್ಯಂಟಿಬಾಡಿಯೇ ಅದನ್ನು ಹೊಡೆದುಬಿಡುತ್ತದೆ. ಕಾಯುತ್ತಾ ಕೂತರೆ ನಡುವೆ ರೋಗ ನುಗ್ಗುತ್ತದೆ. ವೆಕ್ಟರ್ ಲಸಿಕೆಯ ಹೊರಮೈ ಬೇರೆ ವೈರಸ್‌ನದ್ದಾದ್ದರಿಂದ ಈ ಕಾಟ ಸ್ವಲ್ಪ ಕಮ್ಮಿ.

ಹಾಗಂತ ಎಲ್ಲದಕ್ಕೂ ವೆಕ್ಟರ್ ಬರಲಿ ಅಂತ ಕಾಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕ್ಲಾಸಿಕಲ್ ಜ್ವರಕ್ಕೆ ನಮ್ಮಲ್ಲಿ ಲಸಿಕೆ ಇದೆ. ಹಳೆಯದನ್ನು ಮೊಲಗಳಲ್ಲಿ ಬೆಳೆಸುತ್ತಿದ್ದರು. ಒಂದು ಮೊಲದ ಗುಲ್ಮದಿಂದ ಸುಮಾರು 50 ಡೋಸ್. ದೇಶಕ್ಕೆ ವರ್ಷಕ್ಕೆ ಬೇಕಾದದ್ದು 2.2 ಕೋಟಿ ಡೋಸ್, ತಯಾರಾಗುತ್ತಿದ್ದದ್ದು 12 ಲಕ್ಷ. ಮೊಲ ಕೊಂದು ಈ ಲೆಕ್ಕ ಮುಟ್ಟೋದು ಉಂಟಾ? 2020ರ ಫೆಬ್ರವರಿಯಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಕೋಶಗಳಲ್ಲಿ ಬೆಳೆಸುವ ಹೊಸ ಲಸಿಕೆ ಬಿಡುಗಡೆ ಮಾಡಿತು. ಮೊಲ ಬೇಡ, ಡೋಸಿಗೆ ಎರಡು ರೂಪಾಯಿಗಿಂತ ಕಮ್ಮಿ ಖರ್ಚು ಅಂತ ಆಗ ಹೇಳಿದ್ದರು. ಇದರಲ್ಲಿ ವೆಕ್ಟರ್ ಇಲ್ಲ, ಜೀನ್ ಜೋಡಣೆ ಇಲ್ಲ, ಹಳೇ ಕಾಲದ ಜೀವಂತ ಲಸಿಕೆ. ಲಸಿಕೆಯೋ ರೋಗವೋ ಅಂತ ಪರೀಕ್ಷೆಯಲ್ಲಿ ಬೇರೆ ಮಾಡೋಕೆ ಇದರಲ್ಲಿ ಆಗಲ್ಲ. ಆದರೂ ಇವತ್ತು ಮೂಡಿಗೆರೆಯ ಗೂಡಿಗೆ ಇದು ಬೇಕು. ಹಂದಿಗೆ ಕ್ಲಾಸಿಕಲ್ ಲಸಿಕೆ ಆಗಿದ್ದರೆ ಇನ್ನೊಂದು ಉಪಕಾರವೂ ಇದೆ: ಗೂಡಿನಲ್ಲಿ ಜ್ವರ ಬಿದ್ದಾಗ ಆಫ್ರಿಕನ್ ಅಂತ ಬೇಗ ಅನುಮಾನ ಬರುತ್ತದೆ, ಸ್ಯಾಂಪಲ್ ಬೇಗ ಪ್ರಾಣಿ ರೋಗ ಪತ್ತೆ ಮಾಡುವ ಭೋಪಾಲದ ಲ್ಯಾಬಿಗೆ ಹೋಗುತ್ತದೆ.

ಬೇಗ ತಿಳಿಸಿದರೆ ಏನಾಗುತ್ತದೆ ಅನ್ನೋದೂ ಜನರಿಗೆ ಗೊತ್ತು. ಆಫ್ರಿಕನ್ ಜ್ವರ ಖಚಿತವಾದರೆ ಸುತ್ತ ಒಂದು ಕಿಲೋಮೀಟರಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್ ಕಣ್ಗಾವಲು. ಕೊಂದ ಹಂದಿಗೆ ಪರಿಹಾರ ಉಂಟು, ಅದಕ್ಕೆ ಮೊದಲೇ ರೋಗದಿಂದ ಸತ್ತದ್ದಕ್ಕೆ ಇಲ್ಲ. ಹೀಗಿರುವಾಗ ಎರಡು ಹಂದಿ ಮಂಕಾದ ಕೂಡಲೇ ಉಳಿದವನ್ನು ರಾತ್ರೋರಾತ್ರಿ ಮಾರುವವನನ್ನು ಬರೀ ಬೈದು ಪ್ರಯೋಜನ ಇಲ್ಲ. ನಿಯಮವೇ ಅವನನ್ನು ಆ ಕಡೆ ದೂಡುತ್ತಿದೆ. ತಿಳಿಸಿದ ದಿನ ಗೂಡಿನಲ್ಲಿ ಎಷ್ಟು ಹಂದಿ ಇದ್ದವೋ ಅಷ್ಟಕ್ಕೂ ಪರಿಹಾರ ಅಂತ ಮಾಡಿದರೆ, ಮುಚ್ಚಿಡುವವರು ಅರ್ಧಕ್ಕರ್ಧ ಕಮ್ಮಿ ಆಗ್ತಾರೆ ಅನ್ನೋದು ನನ್ನ ಎಣಿಕೆ.

ಮಲೆನಾಡಿಗೆ ಕಾಡುಹಂದಿಯ ತಲೆನೋವು ಬೇರೆ. ಗದ್ದೆಗೂ ತೋಟಕ್ಕೂ ಅವು ದಿನಾ ಬರುತ್ತವೆ. ಹಳ್ಳಕ್ಕೆ ಎಸೆದ ಸತ್ತ ಹಂದಿಯನ್ನು ಮೂಸುತ್ತವೆ, ತಿನ್ನುತ್ತವೆ. ಒಮ್ಮೆ ಅವುಗಳಲ್ಲಿ ನೆಲೆಯಾದರೆ ಕಾಡಿನಿಂದ ಗೂಡಿಗೆ, ಗೂಡಿನಿಂದ ಕಾಡಿಗೆ ಓಡಾಡುತ್ತಲೇ ಇರುತ್ತದೆ. ಕಾಡುಹಂದಿಗೆ ಸೂಜಿ ಚುಚ್ಚೋರು ಯಾರು? ಯುರೋಪಿನಲ್ಲಿ ನರಿಗಳ ಹುಚ್ಚುರೋಗವನ್ನು ಓಡಿಸುವಾಗ ಲಸಿಕೆಯನ್ನು ತಿಂಡಿಯಲ್ಲಿಟ್ಟು ಕಾಡಿಗೆ ಎಸೆದರು. ಅದರಲ್ಲಿ ಒಂದು ಸಿಡುಬು ಜಾತಿಯ ವೈರಸ್‌ಗೆ ರೇಬೀಸ್ ಜೀನ್ ಜೋಡಿಸಿದ ವೆಕ್ಟರ್ ಲಸಿಕೆ. ಅಂಥದ್ದೊಂದು ಹಂದಿಗೂ ಬಂದರೆ ನಮ್ಮ ಪಶ್ಚಿಮಘಟ್ಟಕ್ಕೆ ಅದಕ್ಕಿಂತ ಒಳ್ಳೇದು ಇಲ್ಲ. ಬಾಯಿಂದ ಹೋದ ವೆಕ್ಟರ್ ಹೊಟ್ಟೆಯಲ್ಲಿ ಸಾಯದೆ ಕೆಲಸ ಮಾಡಬೇಕು, ಕರಡಿ, ನರಿ, ನಾಯಿ ತಿಂದರೂ ಏನೂ ಆಗಬಾರದು. ಇದು ಇನ್ನೂ ದೂರದ ಮಾತು.

ಭಾರತದಲ್ಲಿ ಆಫ್ರಿಕನ್ ಜ್ವರಕ್ಕೆ ಯಾವ ಲಸಿಕೆಗೂ ಸದ್ಯ ಅನುಮತಿ ಇಲ್ಲ. ನಾಳೆ ವೆಕ್ಟರ್ ಲಸಿಕೆ ಬಂದರೂ ಅದು ಜೀನ್ ಬದಲಿಸಿದ ಜೀವಿ, ಅದಕ್ಕೆ ಬೇರೆ ಸಮಿತಿಗಳ ಒಪ್ಪಿಗೆ ಬೇಕು. ಆದ್ದರಿಂದ ಯಾರಾದರೂ ಹೊರದೇಶದ ಬಾಟಲಿ ಅಂತ ಗುಟ್ಟಾಗಿ ತಂದುಕೊಟ್ಟರೆ ಅದು ಬಹುತೇಕ ಜೀವಂತ ವೈರಸ್ಸೇ ಇರುತ್ತದೆ. ಚುಚ್ಚಿಸಿದರೆ ನಿಮ್ಮ ಗೂಡಿನಿಂದಲೇ ಊರಿಗೆ ರೋಗ ಹಬ್ಬಬಹುದು. ಸದ್ಯಕ್ಕೆ ಕೈಯಲ್ಲಿ ಇರೋದು ಮುಸುರೆ ಕುದಿಸೋದು. ಹೋಟೆಲಿನಿಂದ, ಛತ್ರದಿಂದ ತಂದ ಮುಸುರೆಯಲ್ಲಿ ಹಂದಿ ಮಾಂಸದ ಚೂರು ಇದ್ದರೆ ಅದರಲ್ಲೇ ವೈರಸ್ ಬರುತ್ತದೆ. ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆಯ ಲೆಕ್ಕ 90 ಡಿಗ್ರಿಯಲ್ಲಿ ಒಂದು ಗಂಟೆ, ಬಿಡದೆ ತಿರುವುತ್ತಾ. ನಮ್ಮಲ್ಲಿ ಅರ್ಧ ಡ್ರಮ್ಮಿನ ಕೆಳಗೆ ಕಾಫಿ ಕಟ್ಟಿಗೆ ಹಾಕಿ ಒಂದು ಕುದಿ ಬಂದ ಕೂಡಲೇ ಇಳಿಸುತ್ತಾರೆ. ಮೇಲೆ ಗುಳ್ಳೆ ಬಂದರೂ ತಳದಲ್ಲಿ ಗಟ್ಟಿಯಾಗಿ ಕೂತ ಅನ್ನದ ಮುದ್ದೆಯ ನಡುವೆ ಆ ಬಿಸಿ ತಲುಪಿರಲ್ಲ. ಅದಕ್ಕೇ ಕೋಲು ಹಾಕಿ ತಿರುವುತ್ತಲೇ ಇರಬೇಕು, ಪೂರ್ತಿ ಒಂದು ಗಂಟೆ.